ಮೇಣದಬತ್ತಿಯ ಬೆಳಕಲ್ಲಿ ಸ್ಟಾಪ್ ಮೋಷನ್: ನಿಜವಾದ ಉರಿಯನ್ನೇ ಇಟ್ಟುಕೊಂಡು ಚಿತ್ರ ಮುಗಿಸಬಹುದೇ?

ಮೇಣದ ನೆರಳು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಚಿಕ್ಕದೊಂದು ಸ್ಟಾಪ್ ಮೋಷನ್ ಚಿತ್ರಕ್ಕೆ (ಗೊಂಬೆಯನ್ನು ಚೂರುಚೂರೇ ಸರಿಸಿ, ಒಂದೊಂದೇ ಚಿತ್ರ ತೆಗೆದು, ಸಾಲಾಗಿ ಓಡಿಸುವ ವಿಧಾನ) ಕೈಹಾಕಿದ್ದೇನೆ. ಕಥೆ ತೀರಾ ಸರಳ. ಕತ್ತಲ ಕೋಣೆ, ಒಂದು ಮೇಜು, ಒಂದು ಮೇಣದಬತ್ತಿ. ಮುದುಕಿಯೊಬ್ಬಳು ಹಳೇ ಪತ್ರಗಳನ್ನು ಒಂದೊಂದಾಗಿ ಓದುತ್ತಾಳೆ, ಓದಿದ್ದನ್ನು ಉರಿಗೆ ಹಿಡಿಯುತ್ತಾಳೆ. ಬೇರೆ ಯಾವ ದೀಪವೂ ಚಿತ್ರದಲ್ಲಿಲ್ಲ. ಗೊಂಬೆ 22 ಸೆಂ.ಮೀ. ಎತ್ತರ, ತಂತಿಯ ಆರ್ಮೇಚರ್ (ಒಳಗಿನ ಎಲುಬುಗೂಡು) ಮೇಲೆ ಬಟ್ಟೆ, ಮುಖ ಮಾತ್ರ ಪ್ಲಾಸ್ಟಿಸಿನ್ (ಒಣಗದ ಮೆತ್ತನೆಯ ಜೇಡಿ).

ಪರೀಕ್ಷೆಗೆಂದು ಒಂದು ಶಾಟ್ ತೆಗೆದು ನೋಡಿದೆ. ಬತ್ತಿ ಗೊಂಬೆಯಿಂದ ಸುಮಾರು 20 ಸೆಂ.ಮೀ. ದೂರ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) 1600, ಎಫ್ (ಲೆನ್ಸ್‌ನ ತೆರಪು, ಸಂಖ್ಯೆ ಚಿಕ್ಕದಾದಷ್ಟೂ ತೆರಪು ದೊಡ್ಡದು) 2.8, ಶಟರ್ ತೆರೆದಿರುವ ಹೊತ್ತು 1/15 ಸೆಕೆಂಡ್. ಒಂದೊಂದೇ ಚಿತ್ರ ನೋಡಿದರೆ ಕಣ್ಣಿಗೆ ಹಬ್ಬ. ಓಡಿಸಿದರೆ ಮಾತ್ರ ಬೆಳಕು ಫ್ರೇಮ್‌ನಿಂದ ಫ್ರೇಮ್‌ಗೆ ಕುಣಿಯುತ್ತದೆ, ಗೋಡೆಯ ಮೇಲಿನ ನೆರಳು ಚಳಿ ಹಿಡಿದಂತೆ ನಡುಗುತ್ತದೆ, ಬತ್ತಿ ನೋಡನೋಡುತ್ತಲೇ ಕುಳ್ಳಗಾಗುತ್ತದೆ.

ಕೇಳಿದವರೆಲ್ಲ "ಎಲ್‌ಇಡಿ ಹಾಕಿ, ತಲೆನೋವು ಬಿಡಿ" ಎನ್ನುತ್ತಾರೆ. ಆದರೆ ಈ ಚಿತ್ರ ಮಾಡಬೇಕೆಂದು ಅನ್ನಿಸಿದ್ದೇ ಉರಿಯನ್ನು ನೋಡಿ. ಅದನ್ನು ಕೈಬಿಡದೆ ಮಾಡುವ ದಾರಿ ಇದೆಯೇ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಕಪ್ಪುಪರದೆ

ದಾರಿ ಇದೆ. ಅದಕ್ಕೂ ಮೊದಲು, ನಿಮ್ಮ ಶಾಟ್‌ನಲ್ಲಿ ಏನಾಗುತ್ತಿದೆ ಎನ್ನುವುದು ಸ್ಪಷ್ಟವಾಗಬೇಕು.

ಸ್ಟಾಪ್ ಮೋಷನ್‌ನಲ್ಲಿ ಗೊಂಬೆಯ ಕಾಲ ನಮ್ಮ ಕೈಯಲ್ಲಿರುತ್ತದೆ. ಸೆಕೆಂಡಿಗೆ 24 ಫ್ರೇಮ್, ಒಂದೊಂದು ಭಂಗಿಯನ್ನು ಎರಡು ಫ್ರೇಮ್ ಹಿಡಿದರೆ ಸೆಕೆಂಡಿಗೆ 12 ಚಿತ್ರ. ಎರಡು ಚಿತ್ರಗಳ ನಡುವೆ ನೀವು ಮೂರು ನಿಮಿಷ ತೆಗೆದುಕೊಂಡರೂ ಗೊಂಬೆಗೆ ಅದು ಸೆಕೆಂಡಿನ ಹನ್ನೆರಡನೇ ಒಂದು ಭಾಗ, ಅಷ್ಟೇ. ಉರಿ ಈ ಒಪ್ಪಂದಕ್ಕೆ ಬರುವುದಿಲ್ಲ. ಆ ಮೂರು ನಿಮಿಷವನ್ನು ಅದು ಪೂರ್ತಿ ಬದುಕಿರುತ್ತದೆ. ಮುಂದಿನ ಚಿತ್ರದಲ್ಲಿ ಸಿಗುವ ಉರಿಗೂ ಹಿಂದಿನ ಚಿತ್ರದ ಉರಿಗೂ ಸಂಬಂಧವೇ ಇರುವುದಿಲ್ಲ. ಸಂಬಂಧವಿಲ್ಲದ ಉರಿಗಳನ್ನು ಸಾಲಾಗಿ ಜೋಡಿಸಿ ಓಡಿಸಿದಾಗ ಕಾಣುವುದು ಮಿನುಗಲ್ಲ, ಕುದಿತ. ನಿಮಗೆ ಕಿರಿಕಿರಿ ಆಗಿರುವುದು ಅದರಿಂದಲೇ.

ಹಾಗಾಗಿ ಮೊದಲು ತೀರ್ಮಾನಿಸಬೇಕಾದದ್ದು ಉರಿ ಯಾರ ಕಾಲದಲ್ಲಿ ಇರಬೇಕು ಎಂದು. ತನ್ನ ಕಾಲದಲ್ಲೋ, ಗೊಂಬೆಯ ಕಾಲದಲ್ಲೋ? ಇದೊಂದು ನಿಶ್ಚಯವಾದರೆ ಮಿಕ್ಕ ತಾಂತ್ರಿಕ ಆಯ್ಕೆಗಳು ತಾವಾಗಿ ಬರುತ್ತವೆ.

ಇನ್ನು ತಕ್ಷಣ ಮಾಡಬೇಕಾದದ್ದು: ಶಟರ್ ಉದ್ದ ಮಾಡಿ. 1/15 ಸೆಕೆಂಡ್ ಅಂದರೆ ಉರಿ ಬಾಗಿದ ಒಂದು ಕ್ಷಣವನ್ನು ಕತ್ತರಿಸಿ ಇಟ್ಟುಕೊಂಡಂತೆ. ಎರಡು ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಶಟರ್ ಅಷ್ಟು ಹೊತ್ತು ತೆರೆದಿದ್ದರೆ, ಅದರ ಎಲ್ಲ ಬಾಗು ಬಳುಕುಗಳೂ ಸೇರಿ ಸರಾಸರಿಯಾಗುತ್ತವೆ, ಕೋಣೆಯ ಬೆಳಕು ನಿಲ್ಲುತ್ತದೆ. ಲೆಕ್ಕ ಹೀಗೆ: ಒಂದು ಸಾಮಾನ್ಯ ಬತ್ತಿಯ ಪ್ರಖರತೆ ಸುಮಾರು ಒಂದು ಕ್ಯಾಂಡೆಲಾ. ಒಂದು ಮೀಟರ್ ದೂರದಲ್ಲಿ ಅದು ಕೊಡುವುದು ಒಂದು ಲಕ್ಸ್ (ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ), 30 ಸೆಂ.ಮೀ. ದೂರದಲ್ಲಿ ಸುಮಾರು 11 ಲಕ್ಸ್. ಐಎಸ್‌ಒ 400, ಎಫ್ 5.6 ಇಟ್ಟರೆ ಎರಡು ಸೆಕೆಂಡಿನ ಆಸುಪಾಸು ಬರುತ್ತದೆ. ಎಫ್ 2.8ರಲ್ಲಿ ಗೊಂಬೆಯ ಮೂಗು ಸ್ಪಷ್ಟ, ಕಿವಿ ಮಸುಕು ಆಗುತ್ತದೆ, ಆ ತೊಂದರೆಯೂ ಕಡಿಮೆಯಾಗುತ್ತದೆ. ಗೊಂಬೆ ಉಸಿರಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ನಟರನ್ನಿಟ್ಟು ಸಿನಿಮಾ ಮಾಡುವವರಿಗೆ ಸಿಗದ ಸೌಲಭ್ಯ ಇದು. 1975ರ 'ಬ್ಯಾರಿ ಲಿಂಡನ್' ಚಿತ್ರದ ಮೇಣದಬತ್ತಿ ದೃಶ್ಯಗಳಿಗೆ ಸ್ಟ್ಯಾನ್ಲಿ ಕುಬ್ರಿಕ್ ಅವರು ನಾಸಾಗೆಂದು ತಯಾರಾಗಿದ್ದ ಝೈಸ್ ಕಂಪನಿಯ ಎಫ್ 0.7 ಲೆನ್ಸ್ ಹುಡುಕಿ ತರಬೇಕಾಯಿತು. ನಮಗೆ ಸಾಧಾರಣ ಲೆನ್ಸ್ ಸಾಕು, ಕಾಯುವ ತಾಳ್ಮೆ ಇದ್ದರೆ ಆಯಿತು.

ಎಲ್ಲವನ್ನೂ ಮ್ಯಾನುಯಲ್‌ನಲ್ಲಿಡಿ: ಫೋಕಸ್, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವುದು), ಐಎಸ್‌ಒ, ಎಲ್ಲವೂ. ಇನ್ನೊಂದು ಮಾತು. ಬೆಳಕಿನ ಜಿಗಿತಕ್ಕೆಲ್ಲ ಬತ್ತಿಯೇ ಕಾರಣ ಅಂದುಕೊಳ್ಳಬೇಡಿ. ಕ್ಯಾಮೆರಾ ಪ್ರತಿ ಚಿತ್ರಕ್ಕೂ ಲೆನ್ಸ್‌ನ ಅಪರ್ಚರ್ (ತೆರಪು) ಎಲೆಗಳನ್ನು ಮುಚ್ಚಿ ತೆರೆಯುತ್ತದೆ, ಪ್ರತಿ ಸಲವೂ ಅವು ಅದೇ ಜಾಗಕ್ಕೆ ಬಂದು ನಿಲ್ಲುವುದಿಲ್ಲ. ಅಪರ್ಚರ್ ಅನ್ನು ಕೈಯಲ್ಲೇ ತಿರುಗಿಸುವ ಹಳೇ ಲೆನ್ಸ್ ಹಾಕಿದರೆ ಈ ಕಾಟ ಹೋಗುತ್ತದೆ.

ತಂತಿಗೊಂಬೆ

ಕಪ್ಪುಪರದೆ ಅವರು ಹೇಳಿದ ಎರಡು ಕಾಲದ ಮಾತು ನೂರಕ್ಕೆ ನೂರು ಸರಿ. ಆದರೆ ಎರಡು ಸೆಕೆಂಡಿನ ಎಕ್ಸ್‌ಪೋಷರ್ ವಿಷಯದಲ್ಲಿ ನನ್ನ ತಕರಾರಿದೆ. ಕೋಣೆ ಚೆನ್ನಾಗಿ ಬರುತ್ತದೆ, ಉರಿ ಸತ್ತುಹೋಗುತ್ತದೆ. ಉರಿಯ ಹೊಳಪು ಅದು ಬೆಳಗುವ ಗೋಡೆಯ ಹೊಳಪಿಗಿಂತ ಸಾವಿರಾರು ಪಟ್ಟು ಹೆಚ್ಚು. ಗೋಡೆಗೆ ಸರಿಹೊಂದುವ ಎಕ್ಸ್‌ಪೋಷರ್‌ನಲ್ಲಿ ಉರಿ ಬರೀ ಬಿಳಿ ಮುದ್ದೆ. ಉರಿಯ ಬುಡದ ನೀಲಿ, ಅದರ ಮೇಲಿನ ಕಪ್ಪು ಛಾಯೆ, ತುದಿಯ ಹಳದಿ, ಒಂದೂ ಉಳಿಯುವುದಿಲ್ಲ. ಮೇಣದ ನೆರಳು ಅವರಿಗೆ ಉರಿಯ ಮೇಲೇ ಮೋಹ. ಉರಿಯನ್ನೇ ಮುದ್ದೆ ಮಾಡಿ ಕೊಟ್ಟರೆ ಅವರಿಗೇನು ಸಿಕ್ಕಿತು?

ನಾನು ಮಾಡುವುದು ಹೀಗೆ. ಪ್ರತಿ ಭಂಗಿಗೂ ಎರಡು ಚಿತ್ರ. ಒಂದು ಎರಡು ಸೆಕೆಂಡಿನದು, ಕೋಣೆಗೆ ಮತ್ತು ಗೊಂಬೆಗೆ. ಇನ್ನೊಂದು 1/250 ಸೆಕೆಂಡಿನದು, ಉರಿಗೆ ಮಾತ್ರ. ಎರಡನೆಯದರಲ್ಲಿ ಉರಿ ಬಿಟ್ಟರೆ ಮಿಕ್ಕದ್ದೆಲ್ಲ ಕಪ್ಪು. ಆಮೇಲೆ ಕಂಪ್ಯೂಟರ್‌ನಲ್ಲಿ ಮೊದಲ ಚಿತ್ರದ ಬಿಳಿ ಮುದ್ದೆಯ ಜಾಗಕ್ಕೆ ಎರಡನೆಯದರ ಉರಿಯನ್ನು ಕೂರಿಸುವುದು. ಸ್ಟಾಪ್ ಮೋಷನ್ ತಂತ್ರಾಂಶವಾದ ಡ್ರ್ಯಾಗನ್‌ಫ್ರೇಮ್ ಬಳಸುವವರಿಗೆ ಒಂದೇ ಫ್ರೇಮ್‌ಗೆ ಹಲವು ಎಕ್ಸ್‌ಪೋಷರ್ ತೆಗೆಯುವ ಸೌಲಭ್ಯ ಅದರಲ್ಲೇ ಇದೆ.

ಇಷ್ಟಾದರೂ ಉರಿಗಳ ನಡುವೆ ಸಂಬಂಧವಿಲ್ಲ ಎನ್ನುವ ಸಮಸ್ಯೆ ಉಳಿಯುತ್ತದೆ. ಅದಕ್ಕೆ ನನ್ನ ಪರಿಹಾರ: ಗೊಂಬೆಯ ಕೆಲಸವೆಲ್ಲ ಮುಗಿದ ಮೇಲೆ, ಕ್ಯಾಮೆರಾ ಅಲುಗಿಸದೆ, ಅದೇ ಬತ್ತಿಯನ್ನು ಕಪ್ಪು ಹಿನ್ನೆಲೆಯಲ್ಲಿ ವಿಡಿಯೊ ಮಾಡಿಕೊಳ್ಳುತ್ತೇನೆ, ಸೆಕೆಂಡಿಗೆ 24 ಫ್ರೇಮ್. ಆ ಉರಿಯನ್ನು ಚಿತ್ರದೊಳಗೆ ಇಡುತ್ತೇನೆ. ಆಗ ಉರಿ ತನ್ನ ಕಾಲದಲ್ಲಿ ಸಹಜವಾಗಿ ಆಡುತ್ತದೆ, ಗೊಂಬೆ ತನ್ನ ಕಾಲದಲ್ಲಿ ನಡೆಯುತ್ತದೆ. ಎರಡೂ ಒಂದೇ ಮೇಜಿನ ಮೇಲೆ ಇರುವಂತೆ ಕಾಣುತ್ತದೆ.

ಮೇಣದ ನೆರಳು

ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಉದ್ದ ಎಕ್ಸ್‌ಪೋಷರ್ ಹಾಕಿ ನೋಡಿದೆ. ಗೋಡೆ ಈಗ ಶಾಂತ. ಆದರೆ ತಂತಿಗೊಂಬೆ ಮೇಡಂ ಹೇಳಿದ ಹಾಗೆ ಉರಿ ಬಿಳಿ ಮುದ್ದೆಯೇ ಆಯಿತು. ಎರಡು ಎಕ್ಸ್‌ಪೋಷರ್ ಉಪಾಯ ಮನಸ್ಸಿಗೆ ಹಿಡಿಸಿದೆ.

ಎರಡು ಪ್ರಶ್ನೆ. ಬತ್ತಿ ಕುಳ್ಳಗಾಗುವುದನ್ನು ಹೇಗೆ ತಡೆಯಲಿ? ಮತ್ತೆ, ಬೆಳಕು ಒಂದಿಷ್ಟೂ ಅಲುಗದೆ ನಿಂತುಬಿಟ್ಟರೆ ಅದು ಮೇಣದಬತ್ತಿಯ ಬೆಳಕು ಅನ್ನಿಸುವುದೇ ಇಲ್ಲ. ಸ್ವಲ್ಪ ಮಿನುಗು ಬೇಕು, ಕುದಿತ ಬೇಡ. ಎಲ್ಲಿ ನಿಲ್ಲಿಸಲಿ?

ಬತ್ತಿಮನೆ

ನಾನು ಬತ್ತಿ ತಯಾರಿಸುವವಳು, ಅನಿಮೇಷನ್ ನನ್ನ ಕೆಲಸವಲ್ಲ. ಆದರೂ ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ.

ಎರಡು ಸೆಂ.ಮೀ. ಚಿಲ್ಲರೆ ದಪ್ಪದ ಉದ್ದನೆಯ ಬತ್ತಿ ಗಂಟೆಗೆ ಸುಮಾರು ಎರಡೂವರೆ ಸೆಂ.ಮೀ. ಇಳಿಯುತ್ತದೆ. ಮೇಣ, ಬತ್ತಿದಾರ, ಗಾಳಿ ನೋಡಿಕೊಂಡು ಸ್ವಲ್ಪ ಆಚೆ ಈಚೆ. ನಿಮ್ಮ ಹತ್ತು ಸೆಕೆಂಡಿನ ಶಾಟ್ ಅಂದರೆ 120 ಚಿತ್ರ. ಚಿತ್ರಕ್ಕೆ ಮೂರು ನಿಮಿಷವಾದರೆ ಆರು ಗಂಟೆ. ಅಂದರೆ ಹತ್ತು ಸೆಕೆಂಡಿನ ಕಥೆಯಲ್ಲಿ 15 ಸೆಂ.ಮೀ. ಬತ್ತಿ ಮಾಯ.

ಚಿತ್ರಕ್ಕೊಮ್ಮೆ ಹಚ್ಚಿ ಆರಿಸುತ್ತೇನೆ ಎನ್ನಬೇಡಿ. ಹಚ್ಚಿದ ತಕ್ಷಣ ಉರಿ ಚಿಕ್ಕದಿರುತ್ತದೆ. ಮೇಣ ಕರಗಿ, ದಾರದ ಮೂಲಕ ಮೇಲೇರಿ, ಆವಿಯಾಗಿ ಉರಿಯುವ ಕ್ರಮ ಹದಕ್ಕೆ ಬರಲು ಕೆಲವು ನಿಮಿಷ ಬೇಕು. ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಎತ್ತರದ ಉರಿ ಸಿಕ್ಕುತ್ತದೆ. ಜೊತೆಗೆ ಆರಿಸಿದಾಗ ಏಳುವ ಹೊಗೆ.

ಹಳೇ ಕಾಲದ ಕುದುರೆಗಾಡಿಗಳ ದೀಪದಲ್ಲಿ ಒಂದು ಜಾಣ ಏರ್ಪಾಡು ಇರುತ್ತಿತ್ತು. ಲೋಹದ ಕೊಳವೆಯೊಳಗೆ ಬತ್ತಿ, ಅದರ ಕೆಳಗೆ ಸ್ಪ್ರಿಂಗ್, ಮೇಲ್ಗಡೆ ಬತ್ತಿಗಿಂತ ಕಿರಿದಾದ ತೂತಿನ ಮುಚ್ಚಳ. ಬತ್ತಿ ಕರಗಿದಷ್ಟೂ ಸ್ಪ್ರಿಂಗ್ ಅದನ್ನು ಮೇಲಕ್ಕೆ ನೂಕುತ್ತದೆ. ಉರಿ ಯಾವಾಗಲೂ ಅದೇ ಎತ್ತರದಲ್ಲಿ. ಈ ಕೊಳವೆಯ ಹೊರಗೆ ತೆಳುವಾಗಿ ಮೇಣ ಹಚ್ಚಿ, ಇಳಿದ ಹನಿಗಳನ್ನೂ ಮಾಡಿಟ್ಟರೆ ಕ್ಯಾಮೆರಾಗೆ ಅದು ಮಾಮೂಲಿ ಬತ್ತಿಯೇ. ಇಲ್ಲವಾದರೆ ದ್ರವ ಪ್ಯಾರಾಫಿನ್ ತುಂಬಿದ, ಗಾಜಿನ ನಾರಿನ ದಾರವಿರುವ ಪೊಳ್ಳು ಬತ್ತಿಗಳೂ ಬರುತ್ತವೆ. ಅವುಗಳ ಮೈ ಕರಗುವುದೇ ಇಲ್ಲ.

ಇನ್ನು ದಾರ. ಅದನ್ನು 6 ಮಿ.ಮೀ.ಗೆ ಕತ್ತರಿಸಿ ಇಟ್ಟುಕೊಳ್ಳಿ. ಉದ್ದವಾದರೆ ತುದಿಯಲ್ಲಿ ಅಣಬೆಯಂತೆ ಗಂಟು ಕಟ್ಟುತ್ತದೆ, ಉರಿ ಎತ್ತರವಾಗಿ ಮಸಿ ಬಿಡುತ್ತದೆ, ಕುಣಿತ ಶುರುವಾಗುತ್ತದೆ. ಗಾಳಿಯಾಡದ ಜಾಗದಲ್ಲಿ ದಾರ ಸರಿಯಾಗಿರುವ ಒಂಟಿ ಬತ್ತಿ ಬಹಳ ಹೊತ್ತು ಅಲ್ಲಾಡದೆ ನಿಲ್ಲುತ್ತದೆ. ಬೆಳಕು ಹೆಚ್ಚಲಿ ಎಂದು ಎರಡು ಮೂರು ಬತ್ತಿಗಳನ್ನು ಒಟ್ಟಿಗೆ ಕಟ್ಟಿದಿರೋ, ಗಾಳಿಯೇ ಇಲ್ಲದಿದ್ದರೂ ಉರಿ ಸೆಕೆಂಡಿಗೆ ಹತ್ತರ ಆಸುಪಾಸಿನಲ್ಲಿ ತಾನಾಗಿ ಮಿಡಿಯತೊಡಗುತ್ತದೆ.

ನೆರಳು ಲೆಕ್ಕ

ಬತ್ತಿಮನೆ ಅವರ ಕೊನೆಯ ಮಾತಿಗೆ ಒಂದು ಸೇರಿಕೆ. ಹಾಗೆ ಕಟ್ಟಿದ ಎರಡು ಗೊಂಚಲುಗಳನ್ನು ಹತ್ತಿರ ಹತ್ತಿರ ಇಟ್ಟರೆ ಎರಡೂ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ. ಸ್ವಲ್ಪ ದೂರ ಸರಿಸಿದರೆ ಒಂದು ಏಳುವಾಗ ಇನ್ನೊಂದು ಬೀಳುತ್ತದೆ. ಇದು ಪ್ರಯೋಗದಲ್ಲಿ ಕಂಡ ವಿಷಯ. ಎರಡು ದೀಪಗಳ ದೃಶ್ಯ ಮಾಡುವವರಿಗೆ ಉಪಯೋಗಕ್ಕೆ ಬರುತ್ತದೆ.

ನಾನು ಬಂದದ್ದು ನೆರಳಿನ ಬಗ್ಗೆ ಹೇಳಲು. ಎಲ್ಲರೂ ಬೆಳಕಿನ ಏರಿಳಿತ ನೋಡುತ್ತಾರೆ. ಮೇಣದಬತ್ತಿಯ ಗುಣ ಇರುವುದು ನೆರಳು ಜಾಗ ಬದಲಿಸುವುದರಲ್ಲಿ. ಉರಿಯಿಂದ ಗೊಂಬೆಗೆ 10 ಸೆಂ.ಮೀ., ಗೊಂಬೆಯಿಂದ ಗೋಡೆಗೆ ಒಂದು ಮೀಟರ್ ಇದೆ ಎಂದುಕೊಳ್ಳಿ. ಉರಿ ಒಂದು ಸೆಂ.ಮೀ. ಪಕ್ಕಕ್ಕೆ ಬಾಗಿದರೆ ಗೋಡೆಯ ಮೇಲಿನ ನೆರಳು 10 ಸೆಂ.ಮೀ. ಜಿಗಿಯುತ್ತದೆ. ಗೋಡೆಯನ್ನು 20 ಸೆಂ.ಮೀ.ಗೆ ತಂದರೆ ಅದೇ ಬಾಗಿಗೆ ನೆರಳು ಎರಡೇ ಸೆಂ.ಮೀ. ಸರಿಯುತ್ತದೆ. ಮೇಣದ ನೆರಳು ಅವರೇ, ನಿಮ್ಮ ಸೆಟ್‌ನಲ್ಲಿ ಗೋಡೆ ಎಷ್ಟು ಹಿಂದಿದೆ? ಅದನ್ನು ಮುಂದೆ ತಂದರೆ ಅರ್ಧ ನಡುಕ ಅಲ್ಲೇ ಮುಗಿಯಬಹುದು.

ಉರಿಯನ್ನು ವಿಡಿಯೊದಿಂದ ತಂದು ಕೂರಿಸುವುದಾದರೆ ಕೋಣೆಯ ಬೆಳಕಿಗೆ ಎಲ್‌ಇಡಿ ಇಡಲೇಬೇಕಾದ ಸಂದರ್ಭ ಬರಬಹುದು. ಆಗ ಒಂದೇ ಎಲ್‌ಇಡಿಯನ್ನು ಮಂಕು, ಪ್ರಖರ ಮಾಡುತ್ತ ಕೂತರೆ ಕಣ್ಣು ತಕ್ಷಣ ಸುಳ್ಳು ಎನ್ನುತ್ತದೆ, ಯಾಕೆಂದರೆ ನೆರಳು ಇದ್ದಲ್ಲೇ ಇರುತ್ತದೆ. ಮೂರು ಚಿಕ್ಕ ಎಲ್‌ಇಡಿಗಳನ್ನು ಒಂದೂವರೆ ಸೆಂ.ಮೀ. ಅಂತರದ ತ್ರಿಕೋನದಲ್ಲಿಟ್ಟು, ಒಂದನ್ನು ಇಳಿಸುತ್ತ ಇನ್ನೊಂದನ್ನು ಏರಿಸಿ. ಒಟ್ಟು ಬೆಳಕು ಹೆಚ್ಚುಕಡಿಮೆ ಅಷ್ಟೇ ಇರಲಿ. ನೆರಳು ಮೆಲ್ಲಗೆ ತೂಗುತ್ತದೆ. ಬಣ್ಣಕ್ಕೆ ಹೇಳುವುದಾದರೆ, ಮೇಣದಬತ್ತಿ ಸುಮಾರು 1900 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಕೆಂಪು). 2700 ಕೆಲ್ವಿನ್‌ನ ಎಲ್‌ಇಡಿ ಮುಂದೆ ಒಂದು ಫುಲ್ ಸಿಟಿಒ ಜೆಲ್ (ಬೆಳಕನ್ನು ಕಿತ್ತಳೆಯಾಗಿಸುವ ಪಾರದರ್ಶಕ ಹಾಳೆ) ಹಾಕಿದರೆ ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಬಣ್ಣದ ಡಬ್ಬಿ

ಬಣ್ಣದ ಮಾತು ಬಂತಲ್ಲ, ಗೊಂಬೆಗೆ ಬಣ್ಣ ಬಳಿಯುವವರು ದಯವಿಟ್ಟು ಬತ್ತಿಯ ಬೆಳಕಲ್ಲೇ ಕೂತು ಬಳಿಯಿರಿ. ಈ ಬೆಳಕಲ್ಲಿ ನೀಲಿ ಬಹಳ ಕಡಿಮೆ. ಟ್ಯೂಬ್‌ಲೈಟ್ ಕೆಳಗೆ ಆರಿಸಿಕೊಂಡ ಚೆಂದದ ನೀಲಿ ಸೀರೆ ಇಲ್ಲಿ ಕಪ್ಪಾಗುತ್ತದೆ. ತಿಳಿಹಳದಿಗೂ ಬಿಳಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ, ಅಂದರೆ ಹಳೇ ಪತ್ರ ಹಳದಿಗಟ್ಟಿದೆ ಎಂದು ತೋರಿಸಲು ತಿಳಿಹಳದಿ ಬಳಿದರೆ ಕೆಲಸಕ್ಕೆ ಬಾರದು. ಕಂದು ಕಲೆ, ಮಡಿಕೆಯ ಗೆರೆ, ಹರಿದ ಅಂಚು ಕೊಡಿ. ಕೆಂಪು, ಕಂದು, ಮಾಸಿದ ಹಸಿರು ಚೆನ್ನಾಗಿ ನಿಲ್ಲುತ್ತವೆ.

ಕ್ಯಾಮೆರಾದಲ್ಲಿ ಕಿತ್ತಳೆಯನ್ನು ಪೂರ್ತಿ ತೊಳೆದು ಬಿಳಿ ಮಾಡಲು ಹೋಗಬೇಡಿ. ಇಲ್ಲದ ನೀಲಿಯನ್ನು ಎಳೆದು ತಂದಂತೆ ಆಗುತ್ತದೆ, ಅದರ ಜೊತೆ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಕೂಡ ಬರುತ್ತದೆ. ರಾ ಫೈಲ್ (ಕ್ಯಾಮೆರಾ ತಿದ್ದದೆ ಇಡುವ ಮೂಲ ಕಡತ) ತೆಗೆದು, ವೈಟ್ ಬ್ಯಾಲೆನ್ಸ್ 2500ರಿಂದ 3200 ಕೆಲ್ವಿನ್ ನಡುವೆ ಒಂದು ಕಡೆ ಕಟ್ಟಿಹಾಕಿ, ಬೆಚ್ಚಗೇ ಬಿಡಿ.

ಹನ್ನೆರಡು ಚೌಕಟ್ಟು

ಈ ಚರ್ಚೆ ಓದಿ ತುಂಬಾ ಖುಷಿಯಾಯಿತು. ಮೇಣದಬತ್ತಿಗೂ ಚಲಿಸುವ ಚಿತ್ರಕ್ಕೂ ಇರುವ ನಂಟು ನಾವು ಅಂದುಕೊಂಡದ್ದಕ್ಕಿಂತ ಹಳೆಯದು. ಫ್ರಾನ್ಸ್‌ನ ಎಮಿಲ್ ರೆನೊ 1877ರಲ್ಲಿ ಪ್ರಾಕ್ಸಿನೋಸ್ಕೋಪ್ (ತಿರುಗಿಸಿದರೆ ಚಿತ್ರಗಳು ಚಲಿಸುವಂತೆ ಕಾಣುವ ಆಟಿಕೆ) ಮಾಡಿದಾಗ, ತಿರುಗುವ ಡಬ್ಬಿಯ ಒಳಸುತ್ತಿಗೆ 12 ಚಿತ್ರಗಳ ಪಟ್ಟಿ, ನಡುವೆ 12 ಕನ್ನಡಿ ಇಟ್ಟಿದ್ದರು. ರಾತ್ರಿ ಹೊತ್ತು ನೋಡಲು ಅದರ ನಡುಮಧ್ಯೆ ಮೇಣದಬತ್ತಿ ನಿಲ್ಲಿಸುವ ಜಾಗ, ಮೇಲೊಂದು ಶೇಡ್. ಸಿನಿಮಾ ಹುಟ್ಟುವ ಮೊದಲೇ ಹನ್ನೆರಡು ಚಿತ್ರಗಳು ಬತ್ತಿಯ ಬೆಳಕಲ್ಲಿ ಕುಣಿದಿದ್ದವು. ಅಲ್ಲಿ ಉರಿ ತನ್ನ ಕಾಲದಲ್ಲಿ, ಚಿತ್ರಗಳು ತಮ್ಮ ಕಾಲದಲ್ಲಿ. ಕಪ್ಪುಪರದೆ ಅವರ ಮಾತು ಅಲ್ಲಿಗೂ ಹೊಂದುತ್ತದೆ.

ಮೇಣವನ್ನೇ ಅನಿಮೇಟ್ ಮಾಡಿದವರೂ ಇದ್ದಾರೆ. 1920ರ ದಶಕದಲ್ಲಿ ಜರ್ಮನಿಯ ಓಸ್ಕರ್ ಫಿಶಿಂಗರ್ ಒಂದು ಯಂತ್ರ ಮಾಡಿದರು. ಬಣ್ಣದ ಮೇಣ ಮತ್ತು ಜೇಡಿಯ ಅಚ್ಚನ್ನು ಅದು ತೆಳ್ಳಗೆ ಹೋಳು ಮಾಡುತ್ತಿತ್ತು, ಹೋಳಿಗೊಂದು ಫ್ರೇಮ್‌ನಂತೆ ಕ್ಯಾಮೆರಾದ ಶಟರ್ ಅದಕ್ಕೆ ಹೊಂದಿಕೊಂಡು ತೆರೆಯುತ್ತಿತ್ತು. ಅಚ್ಚಿನೊಳಗೆ ಹುದುಗಿದ್ದ ಆಕಾರ ಪರದೆಯ ಮೇಲೆ ಅರಳುತ್ತ, ಸುತ್ತುತ್ತ ಹೋಗುತ್ತಿತ್ತು. ಲೊಟ್ಟೆ ರೈನಿಗರ್ ಅವರ 1926ರ ನೆರಳುಚಿತ್ರ 'ಪ್ರಿನ್ಸ್ ಅಹ್ಮದ್'ನಲ್ಲಿ ವಾಲ್ಟರ್ ರುಟ್‌ಮನ್ ಈ ಯಂತ್ರವನ್ನು ಬಳಸಿಕೊಂಡರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಮೇಣದ ನೆರಳು ಅವರೇ, ನಿಮಗೆ ಬೇಕಾದದ್ದು ಉರಿಯ ಬೆಳಕು ಮಾತ್ರವೋ, ಉರಿ ಬಿಟ್ಟುಹೋಗುವ ಗುರುತೂ ಬೇಕೋ ಎಂದು ಯೋಚಿಸಿ. 1930ರ ದಶಕದಲ್ಲಿ ವುಲ್ಫ್‌ಗ್ಯಾಂಗ್ ಪಾಲೆನ್ ಎಂಬ ಕಲಾವಿದರು ಬತ್ತಿಯ ಹೊಗೆಯನ್ನು ಕ್ಯಾನ್ವಾಸ್‌ಗೆ ಹಿಡಿದು, ಕೂತ ಮಸಿಯಿಂದ ಚಿತ್ರ ತೆಗೆಯುತ್ತಿದ್ದರು. ಆ ವಿಧಾನಕ್ಕೆ ಫ್ಯೂಮಾಜ್ ಎಂದು ಹೆಸರು. ಗಾಜಿನ ತುಂಡಿಗೆ ಮಸಿ ಹಿಡಿಸಿ, ಕಡ್ಡಿಯಿಂದ ಕೆರೆದು, ಹಿಂದಿನಿಂದ ಬೆಳಕು ಬಿಟ್ಟು ಫ್ರೇಮ್ ಫ್ರೇಮ್ ತೆಗೆದರೆ ಅದೂ ಸ್ಟಾಪ್ ಮೋಷನ್. ಮುದುಕಿ ಪತ್ರ ಓದುವಾಗ ಅವಳ ನೆನಪುಗಳು ಈ ಮಸಿಗಾಜಿನಲ್ಲಿ ಬಂದರೆ? ಮಸಿಯನ್ನು ಒರೆಸಿದರೆ ಹೋಗುತ್ತದೆ, ಮತ್ತೆ ಹಿಡಿಸಿದರೆ ಬರುತ್ತದೆ. ಆದರೆ ಗಾಜನ್ನು ಉರಿಯ ಮೇಲೆ ಒಂದೇ ಕಡೆ ನಿಲ್ಲಿಸಬೇಡಿ, ಬಿರಿಯುತ್ತದೆ. ಆಡಿಸುತ್ತ ಇರಿ.

ಮೇಣದ ನೆರಳು

ಹನ್ನೆರಡು ಚೌಕಟ್ಟು ಸರ್, ಮಸಿಗಾಜಿನ ಸಲಹೆ ಓದಿದ ಮೇಲೆ ಅದನ್ನು ಬಿಟ್ಟು ಬೇರೆ ಏನೂ ತಲೆಗೆ ಹೋಗುತ್ತಿಲ್ಲ. ಪತ್ರದ ಒಂದೊಂದು ಸಾಲಿಗೂ ಒಂದೊಂದು ಮಸಿಚಿತ್ರ ಮಾಡಬೇಕು ಅನ್ನಿಸುತ್ತಿದೆ.

ನೆರಳು ಲೆಕ್ಕ ಅವರೇ, ಗೋಡೆ 70 ಸೆಂ.ಮೀ. ಹಿಂದಿತ್ತು. 25ಕ್ಕೆ ತಂದಿದ್ದೇನೆ. ನಿಜಕ್ಕೂ ದೊಡ್ಡ ವ್ಯತ್ಯಾಸ.

ಮಿನುಗಿನ ಪ್ರಶ್ನೆ ಹಾಗೇ ಉಳಿದಿದೆ. ಪತ್ರ ಸುಡುವ ದೃಶ್ಯಕ್ಕೂ ಏನಾದರೂ ಹೇಳಿ.

ತಂತಿಗೊಂಬೆ

ಮಿನುಗಿನ ಬಗ್ಗೆ ನಾನು ಪಾಲಿಸುವ ನಿಯಮ ಒಂದೇ: ಕಾರಣವಿಲ್ಲದೆ ಉರಿ ಅಲುಗಬಾರದು. ಮುದುಕಿ ಪತ್ರ ಬಿಚ್ಚುತ್ತಾಳೆ, ಗಾಳಿ ಏಳುತ್ತದೆ, ಉರಿ ಬಾಗುತ್ತದೆ. ಅವಳು ನಿಟ್ಟುಸಿರು ಬಿಡುತ್ತಾಳೆ, ಉರಿ ಕುಗ್ಗಿ ಮತ್ತೆ ಏಳುತ್ತದೆ. ಗೊಂಬೆಗೆ ಉಸಿರಿಲ್ಲ ಎಂದು ಮೇಲೆ ಯಾರೋ ಬರೆದಿದ್ದಾರೆ. ಉರಿ ಬಾಗಿದರೆ ನೋಡುವವರು ಗೊಂಬೆಗೆ ಉಸಿರಿದೆ ಎಂದೇ ನಂಬುತ್ತಾರೆ. ಈ ಒಂದು ಕಾರಣಕ್ಕಾಗಿಯೇ ಮೇಣದಬತ್ತಿ ಸ್ಟಾಪ್ ಮೋಷನ್‌ಗೆ ಇಷ್ಟು ಹೊಂದುತ್ತದೆ ಎಂದು ನನ್ನ ಗಟ್ಟಿ ನಂಬಿಕೆ.

ಸಮಯ ಮುಖ್ಯ. ಕೈ ಆಡಿದ ಫ್ರೇಮ್‌ನಲ್ಲೇ ಉರಿ ಬಾಗಿದರೆ ದಾರ ಕಟ್ಟಿ ಎಳೆದಂತೆ ಕಾಣುತ್ತದೆ. ಗಾಳಿ ಅಲ್ಲಿಗೆ ಮುಟ್ಟಲು ಹೊತ್ತು ಬೇಕು. ಸೆಕೆಂಡಿಗೆ 12 ಚಿತ್ರದ ಲೆಕ್ಕದಲ್ಲಿ ಎರಡು ಚಿತ್ರ ತಡವಾಗಿ ಬಾಗಿಸಿ. ಬಾಗುವುದು ಒಂದೇ ಚಿತ್ರದಲ್ಲಿ, ನೆಟ್ಟಗಾಗುವುದು ನಾಲ್ಕೈದು ಚಿತ್ರಗಳಲ್ಲಿ. ಕೋಣೆಯ ಬೆಳಕೂ ಅದೇ ಲಯದಲ್ಲಿ ಇಳಿದು ಏರಬೇಕು, ನೆರಳೂ ಅದೇ ದಿಕ್ಕಿನ ಲೆಕ್ಕಕ್ಕೆ ಬರಬೇಕು. ಮೂರೂ ಒಟ್ಟಿಗೆ ಬಂದರೆ ಕಣ್ಣು ಪ್ರಶ್ನೆ ಕೇಳುವುದಿಲ್ಲ.

ಉಳಿದ ಹೊತ್ತು ಉರಿಯನ್ನು ಶಾಂತವಾಗಿ ಬಿಡಿ. ಒಂದು ಚಿತ್ರ ಬೆಳಕು, ಇನ್ನೊಂದು ಕತ್ತಲು ಎಂದು ಆಡಿಸಿದರೆ ಸೆಕೆಂಡಿಗೆ ಆರು ಮಿಂಚಾಗುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಲವಾದ ಮಿಂಚು ಇರಬಾರದು ಎಂಬುದು ಅಂತರಜಾಲದ ಅಂತರರಾಷ್ಟ್ರೀಯ ಸುಲಭಲಭ್ಯತಾ ಮಾರ್ಗಸೂಚಿಯಲ್ಲೇ ಇದೆ, ಯಾಕೆಂದರೆ ಬೆಳಕಿನ ಮಿಂಚಿನಿಂದ ಅಪಸ್ಮಾರ ಕೆರಳುವವರು ಇದ್ದಾರೆ. ನಮ್ಮ ಚಿತ್ರ ನೋಡಿ ಯಾರಿಗೂ ತೊಂದರೆಯಾಗಬಾರದು.

ಕಪ್ಪುಪರದೆ

ಪತ್ರ ಸುಡುವ ದೃಶ್ಯ. ಗೊಂಬೆಯ ಕೈಯಲ್ಲಿ ಕಾಗದ ಹಿಡಿಸಿ ನಿಜವಾಗಿ ಬೆಂಕಿ ಹಚ್ಚಬೇಡಿ. ಮೊದಲನೆಯ ಕಾರಣ ಸುರಕ್ಷತೆ. ಎರಡನೆಯದು, ಕಾಗದ ಉರಿಯುವುದು ಕೆಲವೇ ಸೆಕೆಂಡಿನಲ್ಲಿ, ನಿಮಗೆ ಮೂರು ನಿಮಿಷಕ್ಕೊಂದು ಚಿತ್ರ ಬೇಕು.

ಬದಲಿ ವಿಧಾನ ಹಿಡಿಯಿರಿ. ಒಂದೇ ಪತ್ರದ ಇಪ್ಪತ್ತು ಇಪ್ಪತ್ತೈದು ಪ್ರತಿ ಮಾಡಿಕೊಳ್ಳಿ. ಮೊದಲನೆಯದಕ್ಕೆ ಮೂಲೆ ಮಾತ್ರ ಕರಕಲು. ಅದನ್ನು ಎರಡನೆಯದರ ಮೇಲಿಟ್ಟು ಪೆನ್ಸಿಲ್‌ನಲ್ಲಿ ಅಂಚು ಗುರುತು ಮಾಡಿ, ಸ್ವಲ್ಪ ಮುಂದಕ್ಕೆ ಸುಡಿ. ಹೀಗೆ ಒಂದರ ಹಿಂದೊಂದು. ಸುಡುವ ಕೆಲಸವನ್ನೆಲ್ಲ ಸೆಟ್‌ನಿಂದ ದೂರ, ಲೋಹದ ತಟ್ಟೆಯ ಮೇಲೆ ಮುಗಿಸಿಕೊಳ್ಳಿ. ಚಿತ್ರ ತೆಗೆಯುವಾಗ ಪ್ರತಿಗಳನ್ನು ಬದಲಿಸುತ್ತ ಹೋದರಾಯಿತು. ಉರಿಯುವ ಅಂಚಿಗೆ ಕಿತ್ತಳೆ ಜೆಲ್‌ನ ಸಣ್ಣ ಚೂರು ಅಂಟಿಸಿ ಹಿಂದಿನಿಂದ ಬೆಳಕು ಕೊಡಿ, ಅಥವಾ ತಂತಿಗೊಂಬೆ ಅವರ ಹಾಗೆ ನಿಜವಾದ ಉರಿಯ ವಿಡಿಯೊ ಕೂರಿಸಿ.

ಸುರಕ್ಷತೆಯನ್ನು ಬಿಡಿಸಿ ಹೇಳುತ್ತೇನೆ, ಬೇಸರ ಬೇಡ. ನಮ್ಮ ಸೆಟ್‌ಗಳಲ್ಲಿ ಇರುವುದೆಲ್ಲ ಹೊತ್ತಿಕೊಳ್ಳುವ ಸಾಮಾನು: ಸ್ಪಂಜು, ಬಟ್ಟೆ, ರಟ್ಟು, ಅಂಟು, ಸ್ಪ್ರೇ. ಸ್ಪ್ರೇ ಡಬ್ಬಿ, ಸ್ಪಿರಿಟ್ ಬಾಟಲಿ ಆ ಕೋಣೆಯಲ್ಲೇ ಇರಬಾರದು. ಬತ್ತಿಯ ಕೆಳಗೆ ಮರಳು ತುಂಬಿದ ತಟ್ಟೆ, ಕೈಗೆಟುಕುವಂತೆ ಲೋಹದ ಮುಚ್ಚಳ ಮತ್ತು ಅಗ್ನಿಶಾಮಕ. ಉರಿಯುವ ಮೇಣಕ್ಕೆ ಯಾವ ಕಾರಣಕ್ಕೂ ನೀರು ಎರಚಬಾರದು, ನೀರು ಆವಿಯಾಗಿ ಸಿಡಿದು ಬೆಂಕಿಯನ್ನು ಸುತ್ತ ಹರಡುತ್ತದೆ. ಉದ್ದ ಕೂದಲು ಕಟ್ಟಿ, ತೋಳು ಮಡಚಿ. ಮುದುಕಿಯ ಮುಖ ಪ್ಲಾಸ್ಟಿಸಿನ್ ಅಂದಿರಿ, ಉರಿಯ ಹತ್ತಿರ ಅದು ಮೆತ್ತಗಾಗಿ ಮೂಗು ಜಾರುತ್ತದೆ. ಬತ್ತಿಯನ್ನು ಅವಳಿಗಿಂತ ಸ್ವಲ್ಪ ಮುಂದೆ, ಪಕ್ಕಕ್ಕೆ ಇಡಿ, ಉರಿಯ ನೇರ ಮೇಲೆ ಏನೂ ಇರದಿರಲಿ. ಗಾಳಿ ಬೇಡ ಎಂದು ಕೋಣೆ ಮುಚ್ಚಿ ಗಂಟೆಗಟ್ಟಲೆ ಕೂರಬೇಡಿ. ಆಗಾಗ ಕಿಟಕಿ ತೆಗೆದು, ಮತ್ತೆ ಮುಚ್ಚಿ, ಉರಿ ಹದಕ್ಕೆ ಬಂದ ಮೇಲೆ ಮುಂದಿನ ಚಿತ್ರ.

ನಿಮ್ಮ ಅಂಗಿಯೂ ಕಪ್ಪಗಿರಲಿ. ಬಿಳಿ ಅಂಗಿ ತೊಟ್ಟು ಒಮ್ಮೆ ಹತ್ತಿರ, ಒಮ್ಮೆ ದೂರ ನಿಂತರೆ ಅದರಿಂದ ಹೊರಳುವ ಬೆಳಕು ಗೊಂಬೆಯ ಮುಖದ ಮೇಲೆ ಕಾಣುತ್ತದೆ. ಪ್ರತಿ ಚಿತ್ರಕ್ಕೂ ಅದೇ ಜಾಗದಲ್ಲಿ ನಿಂತು, ಉಸಿರು ಬಿಗಿಹಿಡಿದು ಬಟನ್ ಒತ್ತಿ.

ಹೊಸ ಫ್ರೇಮ್

ನಾನು ಈಗಷ್ಟೇ ಕಲಿಯುತ್ತಿರುವವನು. ಒಂದು ವಿಷಯ ಕೇಳಲೇ? ಬತ್ತಿ ಕರಗುವುದನ್ನು ತಡೆಯುವ ಬದಲು ಅದನ್ನೇ ಬಳಸಿಕೊಳ್ಳಲು ಆಗುವುದಿಲ್ಲವೇ? ಶಾಟ್ ಅನ್ನು ಕೊನೆಯಿಂದ ಮೊದಲಿಗೆ ತೆಗೆದರೆ? ತೆಗೆಯುವಾಗ ಬತ್ತಿ ಇಳಿಯುತ್ತದೆ, ತಿರುಗಿಸಿ ಓಡಿಸಿದರೆ ಬತ್ತಿ ಬೆಳೆಯುತ್ತದೆ.

ತಂತಿಗೊಂಬೆ

ಖಂಡಿತ ಆಗುತ್ತದೆ, ತುಂಬಾ ಒಳ್ಳೆಯ ಯೋಚನೆ! ಗೊಂಬೆಯನ್ನೂ ಹಿಂದುಮುಂದಾಗಿ ಆಡಿಸಬೇಕು ಅಷ್ಟೇ. ಉದ್ದ ಎಕ್ಸ್‌ಪೋಷರ್‌ನಲ್ಲಿ ಉರಿ ಸರಾಸರಿಯಾಗಿರುವುದರಿಂದ ತಿರುಗಿಸಿ ಓಡಿಸಿದ್ದು ಉರಿಯಲ್ಲಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮೇಣದ ಹನಿಗಳಲ್ಲಿ. ಅವು ಕೆಳಗಿನಿಂದ ಮೇಲಕ್ಕೆ ಹತ್ತಿ ಬತ್ತಿಯೊಳಗೆ ಸೇರಿಕೊಳ್ಳುತ್ತವೆ. ಅದನ್ನು ಮುಚ್ಚಿಡಬಾರದು, ಹತ್ತಿರದಿಂದ ತೋರಿಸಬೇಕು.

ಮೇಣದ ನೆರಳು

ಹೊಸ ಫ್ರೇಮ್ ಅವರೇ, ನನ್ನ ಚಿತ್ರಕ್ಕೆ ಕೊನೆ ಸಿಕ್ಕಿರಲಿಲ್ಲ. ಈಗ ಸಿಕ್ಕಿತು. ಕೊನೇ ಪತ್ರವನ್ನು ಮುದುಕಿ ಸುಡುವುದಿಲ್ಲ. ಅದನ್ನು ಓದತೊಡಗಿದಾಗ ಬತ್ತಿ ಬೆಳೆಯುತ್ತದೆ, ಹನಿಗಳು ಮೇಲೇರುತ್ತವೆ, ಸುಟ್ಟ ಪತ್ರಗಳು ಬೂದಿಯಿಂದ ಎದ್ದು ಮತ್ತೆ ಕಾಗದವಾಗುತ್ತವೆ. ಕಪ್ಪುಪರದೆ ಸರ್ ಹೇಳಿದ ಬದಲಿ ಪ್ರತಿಗಳನ್ನೇ ಹಿಂದಿನಿಂದ ಮುಂದಕ್ಕೆ ಜೋಡಿಸಿದರೆ ಅದೂ ಆಗಿಹೋಯಿತು.

ಸದ್ಯದ ಯೋಜನೆ ಹೀಗಿದೆ. ಓದುವ ಶಾಟ್‌ಗಳಿಗೆ ಸ್ಪ್ರಿಂಗ್ ಕೊಳವೆಯ ಬತ್ತಿ, ಒಂದು ಭಂಗಿಗೆ ಎರಡು ಎಕ್ಸ್‌ಪೋಷರ್. ಉರಿ ಬಾಗುವ ಕಡೆಗಳಲ್ಲಿ ಮೂರು ಎಲ್‌ಇಡಿಯ ತ್ರಿಕೋನ ಮತ್ತು ವಿಡಿಯೊದಿಂದ ತಂದ ಉರಿ. ನೆನಪುಗಳಿಗೆ ಮಸಿಗಾಜು. ಕೊನೇ ಶಾಟ್‌ನಲ್ಲಿ ಮಾತ್ರ ಬರೀ ಮೇಣದಬತ್ತಿ, ಎಲ್‌ಇಡಿ ಇಲ್ಲ, ವಿಡಿಯೊ ಇಲ್ಲ. ಅಲ್ಲಿ ಉರಿ ತನ್ನ ಕಾಲದಲ್ಲೇ ಇರಲಿ, ಗೊಂಬೆ ಅದರ ಜೊತೆ ಹೊಂದಿಕೊಳ್ಳುತ್ತದೆ. ಆ ಶಾಟ್‌ಗೆ ಯಾವ ಬತ್ತಿ ತೆಗೆದುಕೊಳ್ಳಲಿ, ಬತ್ತಿಮನೆ ಮೇಡಂ? ಹನಿ ಚೆನ್ನಾಗಿ ಇಳಿಯಬೇಕು, ಆದರೆ ಉರಿ ಶಾಂತವಾಗಿರಬೇಕು.

ಬತ್ತಿಮನೆ

ಕಡಿಮೆ ಉಷ್ಣಕ್ಕೆ ಕರಗುವ ಮೆತ್ತನೆಯ ಪ್ಯಾರಾಫಿನ್ ತೆಗೆದುಕೊಳ್ಳಿ, ಐವತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ, ಹನಿ ಕಡಿಮೆ ಬೀಳುತ್ತದೆ. ದಾರ ಬತ್ತಿಯ ದಪ್ಪಕ್ಕೆ ತಕ್ಕದ್ದಿರಲಿ, ದೊಡ್ಡದು ಬೇಡ. ಗಾಳಿ ತಾಕದಿದ್ದರೆ ಮೇಣ ಬಟ್ಟಲಿನಂತೆ ಒಳಗೇ ನಿಲ್ಲುತ್ತದೆ. ಹನಿ ಎಲ್ಲಿ ಇಳಿಯಬೇಕೋ ಆ ಬದಿಯ ಅಂಚನ್ನು ಬಿಸಿ ಚಾಕುವಿನಿಂದ ಒಂದು ಚೂರು ತಗ್ಗಿಸಿ, ಕ್ಯಾಮೆರಾಗೆ ಎದುರಾಗಿ ನಿಲ್ಲಿಸಿ. ಹನಿ ಅದೇ ದಾರಿ ಹಿಡಿಯುತ್ತದೆ. ಒಂದೇ ಸಲ ಎರಕ ಹೊಯ್ದ ಬತ್ತಿಗಳಲ್ಲಿ ನಾಲ್ಕೈದು ಎತ್ತಿಟ್ಟುಕೊಳ್ಳಿ. ಮೊದಲನೆಯದನ್ನು ಶಾಟ್‌ಗೆ ಮುಂಚೆ ಪೂರ್ತಿ ಉರಿಸಿ, ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಬರೆದುಕೊಳ್ಳಿ. ಆ ಲೆಕ್ಕ ಕೈಯಲ್ಲಿದ್ದರೆ ಮುದುಕಿ ಯಾವ ಸಾಲು ಓದುವಾಗ ಬತ್ತಿ ಎಷ್ಟು ಎತ್ತರ ಇರಬೇಕು ಎಂದು ಮೊದಲೇ ಗುರುತು ಹಾಕಿಕೊಳ್ಳಬಹುದು.